ತೂಕ ಇಳಿಸಲು ಈಜು: ಗೋಡೆ ಹಿಡಿದು ನಿಲ್ಲುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ

ಈಜುಕೊಳದಲ್ಲಿ ಒಂದು ಗಂಟೆ ಇದ್ದರೂ ಎಷ್ಟೋ ಜನ ನಿಜವಾಗಿ ಈಜುವುದು ಹದಿನೈದು-ಇಪ್ಪತ್ತು ನಿಮಿಷ ಅಷ್ಟೇ. ಉಳಿದ ಹೊತ್ತು ಗೋಡೆ ಹಿಡಿದು ಸುಧಾರಿಸಿಕೊಳ್ಳುವುದರಲ್ಲೇ ಮುಗಿದುಹೋಗುತ್ತದೆ. ತಿಂಗಳುಗಟ್ಟಲೆ ಈಜಿದರೂ ತೂಕ ಇಳಿಯುತ್ತಿಲ್ಲ ಅನ್ನುವವರು ಮೊದಲು ನೋಡಿಕೊಳ್ಳಬೇಕಾದದ್ದು ಇದನ್ನೇ.

70 ಕೆಜಿ ತೂಕದವರು ನಿಧಾನಗತಿಯಲ್ಲಿ ಅರ್ಧ ಗಂಟೆ ಬಿಡದೆ ಫ್ರೀಸ್ಟೈಲ್ (ಬೋರಲಾಗಿ, ಕೈಗಳನ್ನು ಒಂದಾದ ಮೇಲೊಂದು ಬೀಸುವ ಈಜು) ಈಜಿದರೆ ಸುಮಾರು 200 ಕ್ಯಾಲೊರಿ ಖರ್ಚಾಗುತ್ತದೆ. ಅದೇ ಅರ್ಧ ಗಂಟೆ ಜೋರಾಗಿ ಈಜಿದರೆ 340ರ ಆಸುಪಾಸು. ದೇಹತೂಕ ಹೆಚ್ಚಿದ್ದಷ್ಟೂ ಖರ್ಚೂ ಹೆಚ್ಚು. ವೇಗ ಏರಿದಂತೆ ನೀರಿನ ತಡೆ ಹೆಚ್ಚುಕಡಿಮೆ ವೇಗದ ವರ್ಗಕ್ಕೆ ತಕ್ಕಂತೆ (ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು) ಏರುವುದರಿಂದ, ಸ್ವಲ್ಪ ವೇಗ ಹೆಚ್ಚಿಸಿದರೂ ಶ್ರಮ ಬಹಳ ಹೆಚ್ಚುತ್ತದೆ. ಇತ್ತ ಕೀಲುಗಳಿಗೆ ಮಾತ್ರ ಆರಾಮ: ಕುತ್ತಿಗೆಮಟ್ಟದ ನೀರಿನಲ್ಲಿ ನಿಂತರೆ ಕಾಲಿನ ಮೇಲೆ ಬೀಳುವುದು ದೇಹತೂಕದ ಸುಮಾರು ಹತ್ತನೇ ಒಂದು ಭಾಗ. ಓಡಿದರೆ ಮಂಡಿ ನೋಯುವವರಿಗೆ ಈಜು ಹೇಳಿ ಮಾಡಿಸಿದ ವ್ಯಾಯಾಮ.

ಮೊದಲು ಉಸಿರು ಸರಿಮಾಡಿಕೊಳ್ಳಿ

25 ಮೀಟರಿಗೇ ಏದುಸಿರು ಬಂದರೆ ಅದಕ್ಕೆ ಶಕ್ತಿ ಕಡಿಮೆಯಾದದ್ದೇ ಕಾರಣವೆಂದುಕೊಳ್ಳಬೇಡಿ. ಹೆಚ್ಚಿನವರು ಮುಖ ನೀರಿನಲ್ಲಿರುವಾಗ ಉಸಿರು ಬಿಗಿಹಿಡಿದಿರುತ್ತಾರೆ. ತಲೆ ಹೊರಗೆ ಬಂದ ಆ ಅರೆಕ್ಷಣದಲ್ಲಿ ಹಳೆಯ ಗಾಳಿ ಬಿಡಬೇಕು, ಹೊಸದನ್ನೂ ಎಳೆದುಕೊಳ್ಳಬೇಕು. ಎರಡಕ್ಕೂ ಸಮಯ ಸಾಲದೆ ಕಾರ್ಬನ್ ಡೈಆಕ್ಸೈಡ್ ಒಳಗೇ ಸೇರುತ್ತಾ ಹೋಗುತ್ತದೆ, ದಮ್ಮು ಕಟ್ಟಿದಂತಾಗುತ್ತದೆ.

ಎದೆಮಟ್ಟದ ನೀರಿನಲ್ಲಿ ನಿಂತು ಮುಖ ಮುಳುಗಿಸಿ, ಮೂಗು-ಬಾಯಿ ಎರಡರಿಂದಲೂ ಗುಳ್ಳೆ ಬರುವಂತೆ ನಿಧಾನವಾಗಿ ಉಸಿರು ಬಿಡಿ. ಕುತ್ತಿಗೆ ಎತ್ತದೆ, ಭುಜದ ಜೊತೆಗೇ ತಲೆಯನ್ನು ಪಕ್ಕಕ್ಕೆ ಹೊರಳಿಸಿ. ಗಾಗಲ್ಸ್‌ನ ಒಂದು ಗಾಜು ನೀರೊಳಗೇ ಉಳಿಯಬೇಕು, ಇನ್ನೊಂದು ಮಾತ್ರ ಹೊರಗೆ. ಬಾಯಿಂದ ಗಾಳಿ ಎಳೆದುಕೊಂಡು ತಕ್ಷಣ ಮುಖ ಒಳಗೆ. ಎರಡೂ ಗಾಜು ಹೊರಬಂದರೆ ನೀವು ತಲೆ ಎತ್ತುತ್ತಿದ್ದೀರಿ ಎಂದರ್ಥ. ತಲೆ ಎದ್ದರೆ ಸೊಂಟ, ಕಾಲು ಕೆಳಗಿಳಿಯುತ್ತವೆ, ಮೈ ಓರೆಯಾಗಿ ನೀರಿಗೆ ಅಡ್ಡ ನಿಲ್ಲುತ್ತದೆ. ಇಪ್ಪತ್ತು ಸಲ ತಡವರಿಸದೆ ಮಾಡಲು ಬಂದ ಮೇಲೆ ಈಜಿಗೆ ಸೇರಿಸಿಕೊಳ್ಳಿ. ಈಜುವಾಗ ನೋಟ ಕೊಳದ ತಳದ ಮೇಲಿರಲಿ.

ಇನ್ನೊಂದು ದಮ್ಮುಕಳ್ಳ, ಅತಿಯಾದ ಕಾಲುಬಡಿತ. ತೊಡೆಯ ದೊಡ್ಡ ಸ್ನಾಯುಗಳು ಆಮ್ಲಜನಕವನ್ನು ಬಹಳ ಬೇಗ ಖಾಲಿ ಮಾಡುತ್ತವೆ, ಮುಂದೆ ತಳ್ಳುವುದು ಮಾತ್ರ ಕಡಿಮೆ. ದೂರ ಈಜುವಾಗ ಮಂಡಿ ಹೆಚ್ಚು ಮಡಿಸದೆ, ಮೈ ತೇಲುವಷ್ಟು ಹಗುರವಾಗಿ ಬಡಿದರೆ ಸಾಕು.

ಒಂದು ದಿನದ ಈಜು

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. 50 ಮೀಟರ್ ನಿಲ್ಲದೆ ಈಜಬಲ್ಲವರಿಗೆ:

1. ಮೈ ಕಾಯಿಸಲು 200 ಮೀಟರ್, ಆರಾಮವಾಗಿ.
2. 50 ಮೀಟರ್ 8 ಸಲ, ಪ್ರತಿ ಸಲದ ನಂತರ ಗಡಿಯಾರ ನೋಡಿ 30 ಸೆಕೆಂಡ್ ವಿರಾಮ.
3. 25 ಮೀಟರ್ 4 ಸಲ ಜೋರಾಗಿ, ನಡುವೆ 45 ಸೆಕೆಂಡ್ ವಿರಾಮ.
4. ಕೊನೆಗೆ 100 ಮೀಟರ್ ನಿಧಾನವಾಗಿ.

ಒಟ್ಟು 800 ಮೀಟರ್. ಹೊಸಬರು 25 ಮೀಟರನ್ನು 8 ಸಲ, 40 ಸೆಕೆಂಡ್ ವಿರಾಮದೊಂದಿಗೆ ಈಜಿ ಶುರುಮಾಡಲಿ. ಈಜೇ ಬಾರದವರು ಎದೆಮಟ್ಟದ ನೀರಿನಲ್ಲಿ ಬಿರುಸಾಗಿ ನಡೆಯಬಹುದು, ಜೊತೆಗೆ ತರಬೇತುದಾರರ ಬಳಿ ಈಜು ಕಲಿಯಬೇಕು.

ಎರಡನೆಯ ಹಂತವೇ ಇಡೀ ಅಭ್ಯಾಸದ ಜೀವಾಳ. ಮೊದಲ 50 ಮೀಟರನ್ನೇ ಓಟದ ಹಾಗೆ ಹೊಡೆದರೆ ನಾಲ್ಕನೆಯದಕ್ಕೆ ಸುಸ್ತಾಗಿ ವಿರಾಮ ತಾನಾಗಿ ಎರಡು ನಿಮಿಷಕ್ಕೆ ಹಿಗ್ಗುತ್ತದೆ. ಮೊದಲನೆಯದಕ್ಕೂ ಎಂಟನೆಯದಕ್ಕೂ ಮೂರು-ನಾಲ್ಕು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಬಾರದ ಹಾಗೆ ಈಜಿ. ಗೋಡೆ ಮುಟ್ಟಿದಾಗ ಒಂದು ಚಿಕ್ಕ ವಾಕ್ಯ ಹೇಳಲು ಆಗಬೇಕು, ಹಾಡಲು ಆಗಬಾರದು. ನಾಡಿ ನೋಡಿ ಅಳೆಯುವವರು ಗಮನಿಸಿ: ನೀರಿನಲ್ಲಿ ಎದೆಬಡಿತ ನೆಲದ ಮೇಲಿನದಕ್ಕಿಂತ ನಿಮಿಷಕ್ಕೆ ಸುಮಾರು ಹತ್ತು ಕಡಿಮೆ ಇರುತ್ತದೆ. ಓಡುವಾಗಿನ ಗುರಿಯನ್ನೇ ಇಲ್ಲಿಗೂ ಇಟ್ಟುಕೊಂಡರೆ ಅತಿಯಾಗುತ್ತದೆ.

ಕೈಬೀಸನ್ನೂ ಎಣಿಸಿ. ಶುರುವಿನಲ್ಲಿ 25 ಮೀಟರಿಗೆ 24 ಬೀಸು ಬೇಕಾಗಿದ್ದು ಕೊನೆಯಲ್ಲಿ 28 ಆದರೆ ಅಂಗೈ ನೀರನ್ನು ಹಿಡಿಯುತ್ತಿಲ್ಲ, ಜಾರುತ್ತಿದೆ. ಮೊಣಕೈ ಮೇಲಿಟ್ಟು, ಮುಂಗೈ ಕೆಳಮುಖವಾಗಿಸಿ, ಅಂಗೈ ಮತ್ತು ಮುಂಗೈ ಎರಡರಿಂದಲೂ ನೀರನ್ನು ತೊಡೆಯವರೆಗೆ ಹಿಂದಕ್ಕೆ ತಳ್ಳಿ. ಆದರೂ ಎಣಿಕೆ ಇಳಿಯದಿದ್ದರೆ ಆ ದಿನಕ್ಕೆ ಜೋರಾದ ಭಾಗ ಬಿಟ್ಟುಬಿಡಿ. ಕೆಟ್ಟ ಭಂಗಿಯಲ್ಲಿ ಹೊಡೆದ ಕೈ ಭುಜಕ್ಕೆ ಪೆಟ್ಟು ಕೊಡುತ್ತದೆ. ಕೈ ನೀರಿಗಿಳಿಯುವಾಗ ತಲೆಯ ಮುಂದಿನ ನಡುಗೆರೆ ದಾಟುವುದೂ ಭುಜನೋವಿಗೆ ಸಾಮಾನ್ಯ ಕಾರಣ. ಕಪ್ಪೆಯಂತೆ ಕಾಲು ಒದೆಯುವ ಬ್ರೆಸ್ಟ್ ಸ್ಟ್ರೋಕ್‌ನ ಒದೆತದಲ್ಲಿ ಮಂಡಿಯ ಒಳಬದಿ ನೋಯುವವರು ಫ್ರೀಸ್ಟೈಲ್, ಅಂಗಾತ ಮಲಗಿ ಈಜುವ ಬ್ಯಾಕ್ ಸ್ಟ್ರೋಕ್ ಕಡೆ ಹೊರಳುವುದು ಒಳ್ಳೆಯದು.

ಎರಡು ವಾರಕ್ಕೊಮ್ಮೆ ಒಂದೇ ಒಂದು ಬದಲಾವಣೆ ಮಾಡಿ: ವಿರಾಮದಿಂದ 5 ಸೆಕೆಂಡ್ ಕಳೆಯಿರಿ, ಇಲ್ಲವೇ 50 ಮೀಟರಿನ ಎರಡು ಸುತ್ತು ಸೇರಿಸಿ. ಎರಡನ್ನೂ ಒಟ್ಟಿಗೆ ಬೇಡ. ಬದಲಾವಣೆಯೇ ಇಲ್ಲದೆ ಅದೇ 800 ಮೀಟರ್ ಅದೇ ವೇಗದಲ್ಲಿ ಈಜುತ್ತಿದ್ದರೆ, ಈಜುವ ಕೌಶಲ ಹೆಚ್ಚಿದಂತೆ ಅದೇ ದೂರಕ್ಕೆ ಬೇಕಾಗುವ ಶಕ್ತಿ ಕಡಿಮೆಯಾಗುತ್ತಾ ಬರುತ್ತದೆ.

ನೀರಿನಿಂದ ಎದ್ದ ಮೇಲಿನ ಹಸಿವು

ತಣ್ಣೀರಿನಲ್ಲಿ ಈಜಿ ಬಂದರೆ ಹಸಿವು ಕೆರಳುತ್ತದೆ. ಈಜಿನಲ್ಲಿ ಕಳೆದದ್ದನ್ನು ಒಂದು ಪ್ಯಾಕೆಟ್ ಕುರುಕಲು, ಒಂದು ಸಿಹಿ ಪಾನೀಯ ಹತ್ತು ನಿಮಿಷದಲ್ಲಿ ವಾಪಸ್ ತುಂಬಿಬಿಡುತ್ತವೆ. ಆದಷ್ಟು 26ರಿಂದ 28 ಡಿಗ್ರಿ ಸೆಲ್ಸಿಯಸ್ ಇರುವ ಕೊಳದಲ್ಲಿ ಈಜಿ, ಮುಗಿದ ತಕ್ಷಣ ಬಿಸಿನೀರು ಸ್ನಾನ ಮಾಡಿ, ನೀರು ಕುಡಿಯಿರಿ. ಕೊಳದಲ್ಲಿ ಬೆವರಿದ್ದು ಗೊತ್ತಾಗುವುದಿಲ್ಲ. ಈಜಿನ ಹೊತ್ತನ್ನು ಊಟಕ್ಕೆ ಒಂದು ಗಂಟೆ ಮೊದಲು ಮುಗಿಯುವಂತೆ ಇಟ್ಟುಕೊಂಡರೆ ನಡುವೆ ಬಾಯಾಡಿಸುವ ಪ್ರಸಂಗವೇ ಬರುವುದಿಲ್ಲ.

ಲೆಕ್ಕ ಸ್ಪಷ್ಟವಾಗಿರಲಿ. ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ದಿನಕ್ಕೆ 300ರಂತೆ ವಾರಕ್ಕೆ ಮೂರು ದಿನ ಈಜಿದರೆ 900 ಆಯಿತು, ಅಂದರೆ ನೂರು ಗ್ರಾಂಗಿಂತ ತುಸು ಹೆಚ್ಚು. ಊಟದಲ್ಲಿ ದಿನಕ್ಕೆ 300 ಕ್ಯಾಲೊರಿ ಕಡಿಮೆ ಮಾಡಿದರೆ ಎರಡೂ ಸೇರಿ ವಾರಕ್ಕೆ 400 ಗ್ರಾಂ ಹತ್ತಿರ ಬರುತ್ತದೆ. ಊಟ ಮುಟ್ಟದೆ ಈಜೊಂದರಿಂದಲೇ ಬೇಗ ಇಳಿಸುತ್ತೇವೆ ಅನ್ನುವವರು ನಿರಾಸೆಯಾಗಿ ಈಜನ್ನೇ ಬಿಟ್ಟುಬಿಡುತ್ತಾರೆ, ಅದು ದೊಡ್ಡ ನಷ್ಟ.

ಮೂಳೆ ಗಟ್ಟಿಯಾಗಲು ಅದರ ಮೇಲೆ ಭಾರ ಬೀಳಬೇಕು, ಈಜು ಮೂಳೆಗೆ ಭಾರ ಹಾಕುವುದಿಲ್ಲ. ಹಾಗಾಗಿ ವಾರಕ್ಕೆ ಎರಡು ದಿನ ಸ್ಕ್ವಾಟ್, ಪುಷ್ ಅಪ್‌ನಂಥ ನೆಲದ ವ್ಯಾಯಾಮ ಸೇರಿಸಿ. ತೂಕ ಇಳಿಯುವಾಗ ಸ್ನಾಯು ಕರಗದಂತೆ ಕಾಯುವುದೂ ಅದೇ.

ಇವನ್ನು ಮಾಡಲೇಬೇಡಿ

ಜೋರಾಗಿ ಉಸಿರಾಡಿ, ಆಮೇಲೆ ಉಸಿರು ಬಿಗಿಹಿಡಿದು ನೀರೊಳಗೆ ಎಷ್ಟು ದೂರ ಹೋಗುತ್ತೇವೆ ನೋಡೋಣ ಎಂಬ ಪಂದ್ಯ ಬೇಡ. ಹಾಗೆ ಉಸಿರಾಡಿದರೆ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ ಉಸಿರು ಬೇಕೆಂಬ ಎಚ್ಚರಿಕೆಯೇ ಬರುವುದಿಲ್ಲ. ಸೂಚನೆ ಇಲ್ಲದೆ ಪ್ರಜ್ಞೆ ತಪ್ಪುತ್ತದೆ, ಚೆನ್ನಾಗಿ ಈಜಬಲ್ಲವರೂ ಹೀಗೆ ಸತ್ತಿದ್ದಾರೆ. ಲೈಫ್‌ಗಾರ್ಡ್ ಇಲ್ಲದ ಕಡೆ ಒಬ್ಬರೇ ಇಳಿಯಬೇಡಿ. ಹೃದ್ರೋಗ, ಅಪಸ್ಮಾರ, ಹತೋಟಿಗೆ ಬಾರದ ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳಿಯೇ ಶುರುಮಾಡಬೇಕು.

ತೂಕ ನೋಡುವುದು ವಾರಕ್ಕೊಮ್ಮೆ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ. ಎರಡು ವಾರಕ್ಕೊಮ್ಮೆ ಹೊಕ್ಕುಳ ಮಟ್ಟದಲ್ಲಿ ಟೇಪು ಹಿಡಿದು ಸುತ್ತಳತೆ ಬರೆದಿಡಿ. ನಾಲ್ಕು ವಾರ ಎರಡೂ ಅಲ್ಲಾಡದಿದ್ದರೆ ಮೊದಲು ಈಜಿನ ವಿರಾಮಗಳನ್ನು ಗಡಿಯಾರ ಹಿಡಿದು ಅಳೆಯಿರಿ. ಅವು ಸರಿಯಾಗಿದ್ದರೆ ಒಂದು ವಾರ ತಿಂದದ್ದನ್ನೆಲ್ಲ ಬಿಡದೆ ಬರೆದು ನೋಡಿ.