ಮಂಡಿಯ ಬೇಡಿಕೆಗಳನ್ನು ವಿಂಗಡಿಸುವ ಬಗೆ

ಶಿವಮೊಗ್ಗದ ಅಡಿಕೆ ಮಂಡಿಗಳಿಗೆ ತಂತ್ರಾಂಶ ಬರೆಯುವವಳು ನಾನು. ತಂತ್ರಾಂಶ ಏನೇನು ಮಾಡಬೇಕೆಂದು ರೈತರು, ಗುಮಾಸ್ತರು, ಹಮಾಲರು ಹೇಳಿದ್ದನ್ನೆಲ್ಲ ಸಾಲಿಗೊಂದೇ ಬೇಡಿಕೆಯಂತೆ ಬರೆದುಕೊಳ್ಳಿ. ಆಮೇಲೆ ವಿಭಕ್ತಿ ಪ್ರತ್ಯಯಗಳನ್ನು ಕಳಚಿ: ‘ತೂಕವನ್ನು’, ‘ತೂಕಕ್ಕೆ’, ‘ತೂಕದಲ್ಲಿ’ ಮೂರೂ ‘ತೂಕ’ ಆಗಬೇಕು. ಕನ್ನಡದಲ್ಲಿ ಇದನ್ನು ಬಿಟ್ಟರೆ ಮುಂದಿನ ಲೆಕ್ಕವೆಲ್ಲ ಹಾಳು.

ನಂತರ ಪ್ರತಿ ಪದಕ್ಕೂ ಟಿಎಫ್-ಐಡಿಎಫ್ ಅಂಕ ಹಾಕಿ; ಪದವೊಂದು ಆ ಸಾಲಿನಲ್ಲಿ ಎಷ್ಟು ಸಲ ಬಂದಿದೆ, ಒಟ್ಟು ಸಾಲುಗಳಲ್ಲಿ ಎಷ್ಟು ಅಪರೂಪ ಎಂಬುದನ್ನು ಸೇರಿಸಿ ಅಳೆಯುವ ಅಂಕ ಇದು. ಎಲ್ಲ ಸಾಲಿನಲ್ಲೂ ಬರುವ ‘ಅಡಿಕೆ’ಯ ಅಂಕ ಇಳಿಯುತ್ತದೆ, ಅಪರೂಪಕ್ಕೆ ಬರುವ ‘ಗೊರಬಲು’ (ಅಡಿಕೆಯ ಒಂದು ದರ್ಜೆ), ‘ಮುಂಗಡ’ ಮೇಲೇಳುತ್ತವೆ. ಅಪರೂಪದ ಪದಕ್ಕೆ ಹೆಚ್ಚು ಅಂಕ ಕೊಡುವ ಈ ಉಪಾಯ ಬ್ರಿಟನ್ನಿನ ಗಣಕ ವಿಜ್ಞಾನಿ ಕರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿ ಕೊಟ್ಟದ್ದು; ಇಂದಿಗೂ ಹಳತಾಗಿಲ್ಲ.

ಕೊಸೈನ್ ಹೋಲಿಕೆ, ಅಂದರೆ ಈ ಅಂಕಗಳಿಂದ ಎರಡು ಸಾಲು ಎಷ್ಟು ಹತ್ತಿರವೆಂದು ಅಳೆಯುವ ಲೆಕ್ಕ, ಹೆಚ್ಚಿರುವ ಸಾಲುಗಳನ್ನು ಗುಂಪು ಮಾಡಿ. ‘ಬಿಲ್ಲಿನಲ್ಲೇ ಮುಂಗಡ ಮುರಿಯಬೇಕು’, ‘ಬಿಲ್ಲಿನಲ್ಲಿ ಮುಂಗಡ ಮುರಿಯಬಾರದು’ ಎರಡೂ ಒಂದೇ ಗುಂಪಿಗೆ ಬೀಳುತ್ತವೆ. ಅಲ್ಲಿ ಯಂತ್ರದ ತೀರ್ಪು ಸಾಲದು. ಹೇಳಿದ ಇಬ್ಬರನ್ನೂ ಎದುರು ಕೂರಿಸಿಕೊಂಡು ಕೇಳಿ.