ದುಡ್ಡು ಕಾಂಟ್ರಾಕ್ಟಿನದು, ಉಪಗ್ರಹ ನಮ್ಮದು: ಕರ್ಬಲ್ ಆಟದಲ್ಲಿ ನನ್ನ ಅನುಭವ

ಕರ್ಬಲ್ ಸ್ಪೇಸ್ ಪ್ರೋಗ್ರಾಂ ಅಂದರೆ ರಾಕೆಟ್ ಕಟ್ಟಿ ಹಾರಿಸುವ ಕಂಪ್ಯೂಟರ್ ಆಟ. ಅದರಲ್ಲಿ ದುಡ್ಡು ಗಳಿಸಿ ಖರ್ಚು ಮಾಡಬೇಕಾದ ಕರಿಯರ್ ಮೋಡ್‌ನಲ್ಲಿ, ಹಾರ್ಡ್ ಮಟ್ಟದಲ್ಲಿ, ತಾಯ್ನೆಲದ ಗ್ರಹ ಕರ್ಬಿನ್‌ನಿಂದ ಬೇರೆ ಗ್ರಹ ಡ್ಯೂನಾ ತನಕ ರಿಲೇ ಜಾಲ, ಅಂದರೆ ಸಿಗ್ನಲ್ ದಾಟಿಸುವ ಉಪಗ್ರಹಗಳ ಸಾಲು, ನಿಲ್ಲಿಸಿದ್ದೇನೆ. ಖಜಾನೆಯಲ್ಲಿ ಇನ್ನೂ ದುಡ್ಡಿದೆ. ಒಬ್ಬ ಕರ್ಬಲ್ (ಆಟದ ಪುಟ್ಟ ಗಗನಯಾತ್ರಿ) ಕೂಡ ಸತ್ತಿಲ್ಲ. ನಮ್ಮ ರಾಜಾಜಿನಗರದ ಗುಂಪಿನಲ್ಲಿ ಇದು ಆಗಲ್ಲ ಅಂದವರೇ ಜಾಸ್ತಿ. "ಮಗಾ, ಖಾಲಿ ಡಬ್ಬ ಹಾರಿಸೋಕೆ ಈ ಆಟ ಯಾಕೆ? ಜೆಬ್‌ನ ಕೂರಿಸು, ಮುನ್‌ಗೆ ಹೋಗು, ದುಡ್ಡು ತಾನಾಗೇ ಬರುತ್ತೆ" ಅಂತ ಒಬ್ಬ ತಿಂಗಳುಗಟ್ಟಲೆ ಹೇಳಿದ್ದ. (ಜೆಬ್ ಆಟದ ಒಬ್ಬ ಗಗನಯಾತ್ರಿ, ಮುನ್ ಕರ್ಬಿನ್‌ನ ಚಂದ್ರ.) ಈಗ ಅವನೇ ನನ್ನ ಸೇವ್ ಫೈಲ್ ಕೇಳುತ್ತಿದ್ದಾನೆ.

ನನ್ನ ಸೆಟ್ಟಿಂಗ್ ಮೊದಲು ಹೇಳಿಬಿಡುತ್ತೇನೆ. ರಿವರ್ಟ್ ಇಲ್ಲ, ಕ್ವಿಕ್‌ಲೋಡ್ ಇಲ್ಲ, ಅಂದರೆ ತಪ್ಪಾದರೆ ಹಿಂದಕ್ಕೆ ಹೋಗುವ ಹಾಗಿಲ್ಲ. ಹೆಚ್ಚುವರಿ ನೆಲಕೇಂದ್ರಗಳು ಆಫ್. ಸಿಗ್ನಲ್ ಇಲ್ಲದಿದ್ದರೆ ಪ್ರೋಬ್ (ಸಿಬ್ಬಂದಿ ಇಲ್ಲದ ನೌಕೆ) ಮೇಲೆ ನಿಯಂತ್ರಣವೇ ಇಲ್ಲ. ಇದಿಷ್ಟೂ ಇಟ್ಟುಕೊಂಡರೆ ಮಾತ್ರ ಉಪಗ್ರಹದ ಬೆಲೆ ಗೊತ್ತಾಗುತ್ತದೆ.

ಲೆಕ್ಕ ಸುಲಭ. ಒಬ್ಬ ಕರ್ಬಲ್ ಕೂರುವ ಮಾರ್ಕ್-1 ಪಾಡ್ ಒಂದೇ ಸುಮಾರು 0.8 ಟನ್. ಆಕ್ಟೋ ಪ್ರೋಬ್ 0.1 ಟನ್. ಆಕ್ಟೋ-2 ಬರೀ 40 ಕೆಜಿ. ಮೇಲಿನ ತೂಕ ಇಳಿದರೆ ಕೆಳಗಿನ ಇಡೀ ರಾಕೆಟ್ ಸಣ್ಣದಾಗುತ್ತದೆ, ಅದು ನಿಮಗೆ ಗೊತ್ತಿರುವುದೇ. ಆದರೆ ನಿಜವಾದ ಉಳಿತಾಯ ಬೇರೆ ಕಡೆ ಇದೆ: ಉಪಗ್ರಹ ವಾಪಸ್ ಬರಬೇಕಿಲ್ಲ. ಹೀಟ್ ಶೀಲ್ಡ್ ಬೇಡ, ಪ್ಯಾರಾಶೂಟ್ ಬೇಡ, ಮರಳಿ ಬರುವ ಇಂಧನ ಬೇಡ. ನನ್ನ ಸಣ್ಣ ಉಪಗ್ರಹದ ಉಡಾವಣೆ ಹನ್ನೆರಡು, ಹದಿಮೂರು ಸಾವಿರ ಫಂಡ್ಸ್‌ನಲ್ಲಿ (ಆಟದ ದುಡ್ಡು) ಮುಗಿಯುತ್ತಿತ್ತು. ಸಿಬ್ಬಂದಿ ಇರುವ ಮುನ್ ಯಾತ್ರೆಗೆ ನಲವತ್ತರ ಮೇಲೆ. ಜೊತೆಗೆ 70 ಕಿಮೀ ದಾಟಿ ನಿಂತ ಉಪಗ್ರಹ ಈ ಆಟದಲ್ಲಿ ಎಂದೂ ಕೆಳಗೆ ಬೀಳುವುದಿಲ್ಲ. ಒಮ್ಮೆ ಖರ್ಚು ಮಾಡಿದರೆ ಆಟ ಮುಗಿಯುವವರೆಗೂ ದುಡಿಯುತ್ತದೆ.

ಆ ಹನ್ನೆರಡು ಸಾವಿರವನ್ನೂ ನಾನು ಕೈಯಿಂದ ಹಾಕಲಿಲ್ಲ. ಆಟವೇ ದುಡ್ಡು ಕೊಟ್ಟು ಒಪ್ಪಿಸುವ ಉಪಗ್ರಹ ಕಾಂಟ್ರಾಕ್ಟ್‌ಗಳು ಕೇಳುವುದೇನು? ಹೊಸ ಪ್ರೋಬ್, ಒಂದು ಆಂಟೆನಾ, ಕರೆಂಟ್ ತಯಾರಿಸುವ ವ್ಯವಸ್ಥೆ, ಹೇಳಿದ ಕಕ್ಷೆಯಲ್ಲಿ 10 ಸೆಕೆಂಡ್ ಸ್ಥಿರವಾಗಿರುವುದು. ಅಷ್ಟೇ. ದುಡ್ಡು ಬಂದ ಮೇಲೂ ಉಪಗ್ರಹ ನಮ್ಮ ಹತ್ತಿರವೇ ಉಳಿಯುತ್ತದೆ. ಹಾಗಾಗಿ ಪ್ರತಿ ಕಾಂಟ್ರಾಕ್ಟ್ ಉಪಗ್ರಹಕ್ಕೂ ರಿಲೇ ಆಂಟೆನಾ ಕೂರಿಸಿದೆ. ಟ್ಯಾಂಕಿನಲ್ಲಿ 300, 400 ಮೀ/ಸೆ ಡೆಲ್ಟಾ-ವಿ (ವೇಗ ಬದಲಿಸುವ ಸಾಮರ್ಥ್ಯ) ಜಾಸ್ತಿ ಇಟ್ಟೆ. ಹಣ ಜಮಾ ಆದ ಕೂಡಲೇ ಅದನ್ನು ನನಗೆ ಬೇಕಾದ ಕಕ್ಷೆಗೆ ಎಳೆದುಕೊಂಡೆ. "ಕಾಂಟ್ರಾಕ್ಟ್ ಕಕ್ಷೆಗಳು ಯಾವ ಉಪಯೋಗಕ್ಕೂ ಬರಲ್ಲ" ಅನ್ನುವವರು ಈ 400 ಮೀ/ಸೆ ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ಮೊದಲ ಜಾಲ ಕೈಕೊಟ್ಟಿತು. ಎಚ್‌ಜಿ-5 ಎಂಬ ಸಣ್ಣ ರಿಲೇ ಆಂಟೆನಾ ಇದ್ದ ಮೂರು ಉಪಗ್ರಹಗಳನ್ನು ಕರ್ಬಿನ್‌ನ ಸ್ಥಿರ ಕಕ್ಷೆಯಲ್ಲಿ (ಗ್ರಹ ತಿರುಗುವಷ್ಟೇ ಹೊತ್ತಿನಲ್ಲಿ ಒಂದು ಸುತ್ತು), ಅಂದರೆ ಸುಮಾರು 2,863 ಕಿಮೀ ಎತ್ತರದಲ್ಲಿ, ಸಮ ಅಂತರದಲ್ಲಿ ನಿಲ್ಲಿಸಿದ್ದೆ. ಒಂದಕ್ಕೊಂದು ಮಾತೇ ಆಡಲಿಲ್ಲ. ಅವುಗಳ ನಡುವಿನ ದೂರ ಹತ್ತಿರ ಹತ್ತಿರ 6,000 ಕಿಮೀ. ಎಚ್‌ಜಿ-5ಗಳು ತಮ್ಮ ತಮ್ಮಲ್ಲಿ ಮುಟ್ಟುವುದು 5,000 ಮಾತ್ರ. ಒಂದೊಂದರಲ್ಲಿ ಎರಡೆರಡು ಕೂರಿಸಿದಾಗ ಸುಮಾರು 8,400 ಕಿಮೀ ಸಿಕ್ಕಿತು, ಕೊಂಡಿ ಕೂಡಿತು. ಆದರೂ ಮುನ್ ಹತ್ತಿರದ ಪ್ರೋಬ್‌ಗೆ ಅದರಿಂದ ಏನೂ ಪ್ರಯೋಜನ ಆಗಲಿಲ್ಲ, ಏಕೆಂದರೆ ಮುನ್ 12,000 ಕಿಮೀ ದೂರ.

ಹೆಚ್ಚು ಬಲದ ರಿಲೇ ಆಂಟೆನಾ ಆರ್‌ಎ-2 ಬಂದ ಮೇಲೆ ಎಲ್ಲ ಬದಲಾಯಿತು. ಅದರ ಶಕ್ತಿ ಕರ್ಬಿನ್‌ನ ನೆಲಕೇಂದ್ರದ, ಅಂದರೆ ಮೊದಲ ಹಂತದ ಟ್ರ್ಯಾಕಿಂಗ್ ಸ್ಟೇಷನ್‌ನಷ್ಟೇ. ಮೂರು ಆರ್‌ಎ-2 ಹಾರಿಸಿದರೆ ಇನ್ನೂ ಮೂರು ನೆಲಕೇಂದ್ರ ಸಿಕ್ಕ ಹಾಗೆ, ಅದೂ ಕರ್ಬಿನ್ ತಿರುಗುವಾಗ ಮರೆಯಾಗದ ಕೇಂದ್ರಗಳು! ಸ್ಥಿರ ಕಕ್ಷೆ ಕೇಳಿದ ಒಂದು ಕಾಂಟ್ರಾಕ್ಟ್ ಹಿಡಿದೆ. ಒಂದೇ ರಾಕೆಟ್‌ನಲ್ಲಿ ಮೂರನ್ನೂ ಕಳಿಸಿದೆ. ಮೊದಲನೆಯದು ಕಾಂಟ್ರಾಕ್ಟ್ ಮುಗಿಸಿತು, ಉಳಿದೆರಡು ಬಿಟ್ಟಿ ಪ್ರಯಾಣಿಕರು. ಹೊತ್ತೊಯ್ದ ನೌಕೆಯ ಅಪೊಆಪ್ಸಿಸ್ (ಕಕ್ಷೆಯ ಅತಿ ಎತ್ತರದ ಬಿಂದು) ಸ್ಥಿರ ಕಕ್ಷೆಯಲ್ಲಿ, ಪೆರಿಯಾಪ್ಸಿಸ್ (ಅತಿ ಕೆಳಗಿನ ಬಿಂದು) ಸುಮಾರು 1,220 ಕಿಮೀನಲ್ಲಿ. ಆಗ ಸುತ್ತಿನ ಅವಧಿ 4 ಗಂಟೆಯ ಆಸುಪಾಸು, ಸ್ಥಿರ ಕಕ್ಷೆಯ ಮೂರರಲ್ಲಿ ಎರಡು ಪಾಲು. ಪ್ರತಿ ಸಲ ಮೇಲೆ ಬಂದಾಗ ಒಂದನ್ನು ಬಿಡಿ. ಎತ್ತರ ಒಂದೆರಡು ಕಿಮೀ ಆಚೀಚೆ ಆದರೂ ಪರವಾಗಿಲ್ಲ, ಅವಧಿ ಮಾತ್ರ ಸೆಕೆಂಡಿನ ಮಟ್ಟಕ್ಕೆ ಹೊಂದಿಸಿ. ಅದನ್ನು ಹೊಂದಿಸಲು ನಾನು ಎಂಜಿನ್ ಥ್ರಸ್ಟ್ ಮಿತಿಯಲ್ಲಿ ಮಾಡುವ ಒಂದು ಕೆಲಸ ಇದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಉಪಗ್ರಹಗಳಿಗೆ ಪೀಣ್ಯ, ಹಾಸನ, ಬ್ಯಾಲಾಳು ಅಂತ ಹೆಸರಿಟ್ಟಿದ್ದೇನೆ. ನಮ್ಮ ಇಸ್ರೋ ಉಪಗ್ರಹಗಳ ಜೊತೆ ಮಾತಾಡುವ ಊರುಗಳು ಅವೇ ಅಲ್ವಾ.

ಜಾಸ್ತಿ ದುಡ್ಡು ತಿಂದಿದ್ದು ಮುನ್‌ನ ಹಿಂಬದಿ. ಲ್ಯಾಂಡರ್ ಕಕ್ಷೆಗೆ ಸೇರಲು ಬ್ರೇಕ್ ಹಾಕಬೇಕಾದದ್ದು ಸಾಮಾನ್ಯವಾಗಿ ಮುನ್‌ನ ಮರೆಯಲ್ಲೇ. ಸಿಗ್ನಲ್ ಹೋಯಿತು, ಎಂಜಿನ್ ಹೊತ್ತಲಿಲ್ಲ, ಮೂವತ್ತು ಸಾವಿರ ಫಂಡ್ಸ್‌ನ ನೌಕೆ ಹಾಗೇ ದಾಟಿ ಹೋಯಿತು. ಚಂದ್ರನ ಹಿಂಬದಿಗೆ ಚೀನಾ 2018ರಲ್ಲಿ ಚ್ವೆಚಿಯಾವ್ ರಿಲೇಯನ್ನು ಭೂಮಿ, ಚಂದ್ರ ಎರಡರ ಗುರುತ್ವವೂ ಸೇರಿ ಹೊಂದಿಕೊಳ್ಳುವ ಲಗ್ರಾಂಜ್ ಬಿಂದುವಿನ ಸುತ್ತ ನಿಲ್ಲಿಸಿತು. ಈ ಆಟದಲ್ಲಿ ಒಂದು ಹೊತ್ತಿಗೆ ಒಂದೇ ಕಾಯದ ಗುರುತ್ವ ಲೆಕ್ಕಕ್ಕೆ ಬರುವುದರಿಂದ ಆ ದಾರಿ ಇಲ್ಲ. ನಾನು ಎರಡು ಧ್ರುವೀಯ ಉದ್ದ ಕಕ್ಷೆ ಹಿಡಿದೆ, ಒಂದರ ತುದಿ ಉತ್ತರಕ್ಕೆ, ಇನ್ನೊಂದರದು ದಕ್ಷಿಣಕ್ಕೆ. ಇಲ್ಲೊಂದು ಮಿತಿ ಇದೆ. ಲ್ಯಾಂಡರ್‌ನಲ್ಲಿ ಕಮ್ಯುನೋಟ್ರಾನ್-16 ಎಂಬ ಸಾದಾ ಆಂಟೆನಾ, ರಿಲೇಯಲ್ಲಿ ಎಚ್‌ಜಿ-5 ಇದ್ದರೆ 1,580 ಕಿಮೀ ದಾಟಿ ಕೇಳಿಸುವುದಿಲ್ಲ. ಹಾಗಾಗಿ ತುದಿ 1,200 ಕಿಮೀ ಒಳಗೇ ಇರಲಿ. ರಿಲೇಗಳನ್ನೇ ಮರೆಯಲ್ಲಿ ಕಳೆದುಕೊಳ್ಳದ ಹಾಗೆ, ಧ್ರುವದ ಮೇಲೆ ಸುಮಾರು 1,000 ಕಿಮೀ ಎತ್ತರದಲ್ಲಿ ಒಳಗೆ ಬಂದು, ಕರ್ಬಿನ್ ಕಾಣುತ್ತಿರುವಾಗಲೇ ಬ್ರೇಕ್ ಹಾಕಿದೆ.

ನಡುವೆ ಒಂದು ಪ್ರಯೋಗ ಮಾಡಿದೆ. ಒಂದು ಟನ್ ಉಪಗ್ರಹಕ್ಕೆ ಬರೀ ಆ್ಯಂಟ್ ಎಂಜಿನ್, 2 ಕಿಲೋನ್ಯೂಟನ್. ಮುನ್‌ಗೆ ಬೇಕಾದ 860 ಮೀ/ಸೆಗೆ ಆರೇಳು ನಿಮಿಷ ಉರಿಯಬೇಕು. 80 ಕಿಮೀ ಕಕ್ಷೆಯ ಒಂದು ಸುತ್ತೇ ಅರ್ಧ ಗಂಟೆ, ಒಂದೇ ಉಸಿರಿಗೆ ಉರಿಸಿದರೆ ಇಂಧನ ಪೋಲು. ಮಂಗಳಯಾನ 2013ರಲ್ಲಿ ಮಾಡಿದಂತೆ ಪೆರಿಯಾಪ್ಸಿಸ್‌ನಲ್ಲಿ ತುಂಡು ತುಂಡಾಗಿ ಉರಿಸಿ ಕಕ್ಷೆ ಎತ್ತರಿಸಿದೆ. ಹೊತ್ತು ಹಿಡಿಯಿತು, ಆದರೆ ಚೆಂದ ಕೆಲಸ ಮಾಡಿತು. ಬಿಡಿಭಾಗಗಳು ಕಡಿಮೆ ಇದ್ದದ್ದರಿಂದ ಎಸ್‌ಪಿ ರೋಡಿನಲ್ಲಿ ರ್‍ಯಾಮ್ ಹಾಕಿಸಿದ ನನ್ನ ಹಳೆ ಲ್ಯಾಪ್‌ಟಾಪ್ ಕೂಡ ತಡವರಿಸಲಿಲ್ಲ.

ಸಿಬ್ಬಂದಿಯನ್ನೂ ಹೀಗೇ ಗಳಿಸಿದೆ. ಬಳಗ ಬೆಳೆದಂತೆ ಹೊಸಬರ ನೇಮಕದ ದರ ಏರುತ್ತದೆ. ಅದರ ಬದಲು ಖಾಲಿ ಪಾಡ್‌ಗೆ ಪ್ರೋಬ್ ಕೋರ್ ಸೇರಿಸಿ ಪಾರುಗಾಣಿಕೆ ಕಾಂಟ್ರಾಕ್ಟ್‌ಗೆ ಕಳಿಸಿದೆ. ಕಕ್ಷೆಯಲ್ಲಿ ಸಿಕ್ಕಿಕೊಂಡವನು ಹತ್ತಿ ಕೂರುತ್ತಾನೆ, ಕೆಳಗಿಳಿದ ಮೇಲೆ ನಮ್ಮವನೇ. ಕಾಂಟ್ರಾಕ್ಟ್ ಹಣವೂ ಬರುತ್ತದೆ.

ಡ್ಯೂನಾ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಟ್ರ್ಯಾಕಿಂಗ್ ಸ್ಟೇಷನ್ ಮೂರನೇ ಹಂತಕ್ಕೆ ಏರಿಸಲು ದೊಡ್ಡ ಮೊತ್ತವೇ ಹೋಯಿತು. ಅದಾದ ಮೇಲೂ ಒಂದು ಆರ್‌ಎ-2 ಮುಟ್ಟುವುದು 2.2 ಕೋಟಿ ಕಿಮೀ. ಡ್ಯೂನಾ ಸೂರ್ಯನ ಆಚೆ ಬದಿಗೆ ಹೋದಾಗ ದೂರ 3.5 ಕೋಟಿ ದಾಟುತ್ತದೆ. ಅದಕ್ಕಿಂತ ಬಲದ ಆಂಟೆನಾ ಆರ್‌ಎ-15 ಇನ್ನೂ ಅನ್‌ಲಾಕ್ ಆಗಿರಲಿಲ್ಲ. ಒಂದೇ ಉಪಗ್ರಹದಲ್ಲಿ ನಾಲ್ಕು ಆರ್‌ಎ-2 ಕೂರಿಸಿದೆ, ಸುಮಾರು 3.7 ಕೋಟಿ ಸಿಕ್ಕಿತು. ಡ್ಯೂನಾ ಎಷ್ಟೇ ದೂರ ಹೋದರೂ ಈಗ ಅಂತರ ಸಮಸ್ಯೆಯಲ್ಲ. ಸೂರ್ಯ ನೇರ ಅಡ್ಡ ಬಂದಾಗ ಮಾತ್ರ ಕಡಿದುಹೋಗುತ್ತದೆ. ಅದಕ್ಕೆ ಸೂರ್ಯನ ಸುತ್ತಲೇ ಒಂದು ರಿಲೇ ಬಿಡುವ ಕೆಲಸ ಈಗ ನಡೆಯುತ್ತಿದೆ. ಸೌರ ಕಕ್ಷೆಯ ಒಂದು ಕಾಂಟ್ರಾಕ್ಟ್ ಕಣ್ಣಿಗೆ ಬಿದ್ದಿದೆ, ಮುಂಗಡವೇ ಉಡಾವಣೆ ಖರ್ಚಿಗೆ ಸಾಕಾಗುತ್ತದೆ.