ಧಾರವಾಡದ ಮಳೆಯಲ್ಲಿ ಫೋಟೊ ತೆಗೆಯೋದು ಹೇಗೆ?

ನಮ್ಮ ಧಾರವಾಡದ ಜಿಟಿಜಿಟಿ ಮಳೆ ಒಮ್ಮೆ ಹಿಡಿದರೆ ಬಿಡುವುದಿಲ್ಲ. ನಿಲ್ಲಲಿ ಅಂತ ಕಾಯಬೇಡಿ. ಫೋನ್, ಕೊಡೆ, ಒಣ ಕರ್ಚೀಫು ಸಾಕು. ಫೋನಿಗೆ ಬ್ರೆಡ್ಡಿನ ಪ್ಲಾಸ್ಟಿಕ್ ಚೀಲ ಹಾಕಿ, ಲೆನ್ಸ್ ಇರುವಲ್ಲಿ ತೂತು ಮಾಡಿ, ರಬ್ಬರ್ ಬ್ಯಾಂಡ್ ಬಿಗಿಯಿರಿ.

ಹನಿ ಫೋಟೊದಲ್ಲಿ ಕಾಣಿಸೋದೇ ಇಲ್ಲ ಅಂತ ತುಂಬಾ ಜನ ಹೇಳುತ್ತಾರೆ. ಬಿಳಿ ಆಕಾಶದ ಎದುರು ಕಾಣಿಸುವುದಿಲ್ಲ, ಅಷ್ಟೇ. ಹಿಂದೆ ಕಪ್ಪಾಗಿರೋದು ಏನಾದರೂ ಬೇಕು. ದಟ್ಟ ಮರ ಇರಲಿ, ಹಳೇ ಮನೆಯ ಬಾಗಿಲಿರಲಿ. ಬೆಳಕು ಹನಿಯ ಹಿಂದಿನಿಂದ ಬಂದರೆ ಇನ್ನೂ ಚೆಂದ. ಕ್ಯಾಮೆರಾದಲ್ಲಿ ಪ್ರೊ ಮೋಡ್ (ಎಲ್ಲವನ್ನೂ ನಾವೇ ಹೊಂದಿಸೋ ಆಯ್ಕೆ) ಇದ್ದರೆ ಶಟರ್, ಅಂದರೆ ಬೆಳಕು ಒಳಗೆ ಬರೋ ಹೊತ್ತು, 1/30 ಸೆಕೆಂಡ್ ಇಡಿ, ಮಳೆ ದಾರದ ಹಾಗೆ ಇಳಿಯುತ್ತದೆ. 1/1000 ಅಥವಾ ಅದಕ್ಕಿಂತ ಕಡಿಮೆ ಹೊತ್ತು ಇಟ್ಟರೆ ಹನಿಗಳು ಹೆಚ್ಚುಕಡಿಮೆ ನಿಂತ ಹಾಗೆ ಕಾಣುತ್ತವೆ. ಫ್ಲ್ಯಾಶ್ ಬೇಡ, ಹತ್ತಿರದ ಹನಿಗಳು ಬಿಳಿ ಚುಕ್ಕೆಯಾಗಿಬಿಡುತ್ತವೆ.

ನನಗೆ ಜಾಸ್ತಿ ಇಷ್ಟ ರಸ್ತೆಯ ಗುಂಡಿಯಲ್ಲಿ ನಿಂತ ನೀರು. ಫೋನ್ ತಲೆಕೆಳಗೆ ಹಿಡಿಯಿರಿ, ಲೆನ್ಸ್ ನೀರಿಗೆ ಎರಡು ಬೆರಳು ಹತ್ತಿರ ಬರಲಿ. ಅಂಗೈಯಷ್ಟು ನೀರೂ ಕೆರೆಯಂತೆ ಕಾಣುತ್ತದೆ. ಲೈನ್ ಬಜಾರಿನಲ್ಲಿ ಒಂದು ಸಂಜೆ ಹೀಗೇ ಕೂತಿದ್ದೆ. ಪೇಢೆ ಅಂಗಡಿಯ ಹಳದಿ ದೀಪ ನೀರಲ್ಲಿ ಉದ್ದಕ್ಕೆ ಚಾಚಿತ್ತು. ಒಬ್ಬ ಅಜ್ಜ ಧೋತರ ಎತ್ತಿ ಹಿಡಿದು ದಾಟಿದರು. ಅವರ ಚಪ್ಪಲಿಯ ತುದಿ ತಾಗಿ ದೀಪ ಚೂರುಚೂರಾಯಿತು. ಆ ಕ್ಷಣಕ್ಕೆ ಇಪ್ಪತ್ತು ನಿಮಿಷ ಕಾದಿದ್ದೆ.

ಸಾಧನಕೇರಿಯ ಕೆರೆಗೆ ಬೆಳಿಗ್ಗೆ ಹೋಗಿ, ಹನಿ ಬಿದ್ದ ಉಂಗುರಗಳು ಸಿಗುತ್ತವೆ. ಗಿರಮಿಟ್ಟಿನ ಅಂಗಡಿಗೆ ನುಗ್ಗಿದರೆ ಬಿಸಿ ಹಬೆಗೆ ಲೆನ್ಸ್ ಮಂಜಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಒರೆಸಿ.